ಬ್ಯಾಟರಿ ಅಣ್ಣನ ‘ಛೀ’

ಬ್ಯಾಟರಿ ಅಣ್ಣನ ಅಂಗಿಯ ಹೊಟ್ಟೆಭಾಗದಲ್ಲಿ ಆ್ಯಸಿಡ್ ತಿಂದ ಸಣ್ಣ ಸಣ್ಣ ತೂತುಗಳಿದ್ದವು. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಅವರ ಬ್ಯಾಟರಿ ರಿಪೇರಿ ಅಂಗಡಿ. ಯಾರ ಕಾರಿನ ಬಾನೆಟ್ ಎತ್ತಿದರೂ ಮೊದಲು ಅವರ ಬಾಯಿಂದ ಬರುತ್ತಿದ್ದುದು “ಛೀ!” ಆಮೇಲೆ ಮಂಗಳಾರತಿ: “ನೀವು ದಿನಾ ಹಲ್ಲುಜ್ಜಲ್ವಾ ಸಾರ್? ಈ ಬ್ಯಾಟರೀನ ತಿಂಗಳಿಗೊಂದ್ಸಲ ಉಜ್ಜೋಕೆ ಏನ್ ರೋಗ?”

ನನಗೆ ಅವರ ಪರಿಚಯವಾದದ್ದು ಒಂದು ಬೆಳಿಗ್ಗೆ, ಅಮ್ಮನಿಗೆ ಉಸಿರು ಕಟ್ಟಿದಾಗ. ಆಟೋ ಒಂದೂ ಸಿಗಲಿಲ್ಲ. ಕಾರಿನ ಕೀ ತಿರುಗಿಸಿದರೆ ಬರೀ ಟಿಕ್ ಟಿಕ್. ಸ್ಟಾರ್ಟರ್ ಹೋಗಿದೆ ಎಂದು ಪಕ್ಕದ ಮನೆಯವರು ತೀರ್ಪು ಕೊಟ್ಟರು. ಓಡಿಹೋಗಿ ಬ್ಯಾಟರಿ ಅಣ್ಣನನ್ನು ಕರೆತಂದೆ. ಅವರು ಹೆಡ್‌ಲೈಟ್ ಹಾಕಿಸಿ ಮತ್ತೆ ಕೀ ತಿರುಗಿಸಲು ಹೇಳಿದರು. ಲೈಟು ಮಂಕಾಯಿತು; ಸ್ಟಾರ್ಟರಲ್ಲ, ಬ್ಯಾಟರಿಯದೇ ತೊಂದರೆ. ಬಾನೆಟ್ ಎತ್ತಿದರು. ಆಯುಧಪೂಜೆಯಂದು ನಾನೇ ಭಕ್ತಿಯಿಂದ ಬ್ಯಾಟರಿಗೆ ಕುಂಕುಮ ಬಳಿದು ಎಳನೀರು ಚಿಮುಕಿಸಿದ್ದೆ. ಅದೆಲ್ಲ ಒಣಗಿ, ವೈರು ಸಿಕ್ಕಿಸುವ ಟರ್ಮಿನಲ್ ಸುತ್ತ ಹಸಿರುಬಿಳಿ ಕಿಲುಬು ಹುಣ್ಣಿನ ಹಾಗೆ ಉಬ್ಬಿತ್ತು. ನೋಡಲಾರದೆ ನಾನೇ ಮುಖ ತಿರುಗಿಸಿದೆ.

“ಛೀ! ಪೂಜೆ ಮಾಡ್ಬಿಟ್ರಿ, ಸೇವೆ ಯಾರ್ ಮಾಡ್ತಾರೆ?” ಎನ್ನುತ್ತಲೇ ವೈರು ಬಿಚ್ಚಿದರು. “ಮೈನಸ್ ಮೊದ್ಲು ಬಿಚ್ಬೇಕು, ನೆನಪಿಟ್ಕೊಳ್ಳಿ.” ಅಡುಗೆ ಸೋಡಾ ಕದಡಿದ ಬಿಸಿನೀರು, ತಂತಿ ಬ್ರಷ್ಷು, ಒರೆಸಿ ಬಿಗಿದ ಮೇಲೆ ಚೂರು ವ್ಯಾಸಲೀನ್. ಹತ್ತೇ ನಿಮಿಷ. ಕಾರು ಹೊರಟಿತು, ಅಮ್ಮ ಬದುಕಿಕೊಂಡರು. ಇನ್ನು ತಿಂಗಳಿಗೊಮ್ಮೆ ತಪ್ಪದೆ ಉಜ್ಜುತ್ತೇನೆ ಎಂದು ಮಾತು ಕೊಟ್ಟೆ. ನಾಲ್ಕು ತಿಂಗಳು ಉಜ್ಜಿದೆ. ಆಮೇಲೆ ನನ್ನ ಹಾಳು ಸೋಮಾರಿತನ.

ಹೋದ ವರ್ಷ ಒಂದು ಮಧ್ಯಾಹ್ನ ಬ್ಯಾಟರಿ ಅಣ್ಣನ ಹೆಂಡತಿಯ ಫೋನು. “ಎದೆ ನೋವು ಅಂತಿದಾರೆ, ಗಾಡಿ ತಗೊಂಡ್ ಬೇಗ ಬನ್ನಿ ಸಾರ್.” ಫೋನನ್ನು ಸ್ಪೀಕರಿಗೆ ಹಾಕಿಕೊಂಡೇ ಕೀ ತಿರುಗಿಸಿದೆ.

ಟಿಕ್ ಟಿಕ್.

ಫೋನಿನಲ್ಲಿ ಏದುಸಿರು ಕೇಳಿಸಿತು, ಆಮೇಲೆ ಅಣ್ಣನದೇ ದನಿ. “ಉಜ್ಜಿಲ್ಲ... ಅಲ್ವಾ?”

ನಾನು ಇಳಿದು ಬಾನೆಟ್ ಎತ್ತಿದೆ.

“ಛೀ,” ಎಂದರು. ಆಮೇಲೆ, “ಮೈನಸ್ ಮೊದ್ಲು,” ಎಂದರು.

ಉಜ್ಜಿ, ಬಿಗಿದು, ಕೆರೆಯ ಹತ್ತಿರ ತಲುಪುವಷ್ಟರಲ್ಲಿ ಅವರನ್ನು ಯಾರೋ ಆಟೋದಲ್ಲಿ ಕರೆದೊಯ್ದಿದ್ದರು. ಆಸ್ಪತ್ರೆ ಮುಟ್ಟುವ ಮೊದಲೇ ಜೀವ ಹೋಗಿತ್ತು.

“ನೀವೇನ್ ಮಾಡಕ್ಕಾಗುತ್ತೆ ಸಾರ್,” ಎಂದು ಅವರ ಹೆಂಡತಿ ಇವತ್ತಿಗೂ ನನ್ನನ್ನೇ ಸಮಾಧಾನ ಮಾಡುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ಈಗ ತಿಂಗಳ ಮೊದಲ ಭಾನುವಾರ ತಪ್ಪದೆ ಬಾನೆಟ್ ಎತ್ತುತ್ತೇನೆ. ಮೈನಸ್ ಮೊದಲು ಬಿಚ್ಚುತ್ತೇನೆ. ಟರ್ಮಿನಲ್ ಎಷ್ಟೇ ಹೊಳೆಯುತ್ತಿದ್ದರೂ ಅವರ ಆ ಕೊನೆಯ ‘ಛೀ’ ಕೇಳಿಸುತ್ತದೆ. ಅದು ನನಗೆ ಸಲ್ಲಬೇಕಾದದ್ದೇ.