ಅತ್ತೆ ನಿಲ್ಲಿಸಿದ ಹಾಡು

ಅತ್ತೆಯ ಕೊರಳು ಉದ್ದ. ಹಾಡುವಾಗ ಅದರ ಎಡಬದಿಯ ನರ ಹಗ್ಗದಂತೆ ಎದ್ದು ನಿಲ್ಲುತ್ತಿತ್ತು. ನನಗೆ ಬೈಯುವಾಗಲೂ ಅದೇ ನರ.

ಮುಂಬೈಯ ಶಾಲೆಯೊಂದರಲ್ಲಿ ಟೀಚರಾಗಿದ್ದು, ನಿವೃತ್ತಿಯಾದ ಮೇಲೆ ಬ್ರಹ್ಮಾವರದ ಮನೆಗೆ ಬಂದವರು. ಬೆಳಗಿನ ಪೂಜೆಗೆ ಇಗರ್ಜಿಗೆ ಹೋಗಿ ಬಂದರೆ ಸೀರೆ ಬದಲಿಸದೆ ಒಲೆಯ ಮುಂದೆ ನಿಲ್ಲುತ್ತಿದ್ದರು. ಅಡುಗೆಗೆ ಗಡಿಯಾರ ನೋಡುತ್ತಿರಲಿಲ್ಲ. ಅಕ್ಕಿಹಿಟ್ಟಿನ ಸಾನ್ನಾ ಹಬೆಯಲ್ಲಿ ಬೇಯಲು ನಾಲ್ಕು ಗೀತೆ, ಮೀನಿನ ಸಾರು ಕುದಿಯಲು ಒಂದೂವರೆ. ನಡುವೆ ನಾನು ಬಾಯಿ ಹಾಕಿದರೆ ಸೌಟು ಕುಕ್ಕುತ್ತಿದ್ದರು.

ನಾನು ಬೈಂದೂರಿನ ಕಡೆಯವಳು. ನಮ್ಮ ಸುತ್ತ ಕ್ರೈಸ್ತರ ಮನೆ ಕಡಿಮೆ. ಮನೆಯೊಳಗೂ ಕುಂದಾಪ್ರ ಕನ್ನಡವೇ. ಗಂಡನ ಮನೆಯವರೆಲ್ಲ ತಮ್ಮತಮ್ಮಲ್ಲಿ ಕೊಂಕಣಿ ಆಡಿ, ನನ್ನೊಡನೆ ಮಾತ್ರ ಕನ್ನಡಕ್ಕೆ ಇಳಿಯುತ್ತಿದ್ದರು. ಆದರೆ ನನ್ನ ದನಿ ಚೆನ್ನಾಗಿತ್ತು. ನನ್ನದು ಎಂದು ಹೇಳಿಕೊಳ್ಳಲು ಅದೊಂದೇ ಇದ್ದದ್ದು. ಮದುವೆಯಾದ ವರ್ಷವೇ ಅತ್ತೆ ನಡೆಸುತ್ತಿದ್ದ ಇಗರ್ಜಿಯ ಗಾಯನ ತಂಡಕ್ಕೆ ಸೇರಿದೆ.

ಅದು ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಹಾಡಿನ ಅಭ್ಯಾಸ. ಯೇಸು ಶಿಲುಬೆಯನ್ನು ಹೆಗಲ ಮೇಲೆ ಹೊತ್ತ ಹಾಡು. ಹೆಗಲ ಮೇಲೆ ಎನ್ನಲು ಕೊಂಕಣಿಯಲ್ಲಿ ‘ಖಾಂದ್ಯಾರ್’. ನಾನು ‘ಕಾಂದ್ಯಾರ್’ ಎಂದೆ. ಮುಂಬೈಯವರ ಬಾಯಲ್ಲಿ ಕಾಂದಾ ಎಂದರೆ ನೀರುಳ್ಳಿ. ಅತ್ತೆ ಹಾರ್ಮೋನಿಯಂ ನಿಲ್ಲಿಸಿದರು.

“ಹ್ವಾಯ್ ಹೆಣೆ, ದೇವ್ರು ಶಿಲುಬೆ ಹೊತ್ತದ್ದ್ ಹೆಗ್ಲ್ ಮೇಲೋ, ನೀರುಳ್ಳಿ ಮೇಲೋ?”

ಎಲ್ಲರೂ ನಕ್ಕರು.

“ಖ ಬಂದ್ಮೇಲೆ ಬಾ. ಅಲ್ಲಿವರಿಗೆ ಬೆಂಚಲ್ ಕೂಕೊ.”

ಹನ್ನೊಂದು ವರ್ಷ ಕೂತೆ. ಖ ಯಾವತ್ತೋ ಬಂದಿತ್ತು. ಕೇಳಲು ಅವರು ಒಪ್ಪಲಿಲ್ಲ. ಅಡುಗೆಮನೆಯಲ್ಲಿ ನೀರುಳ್ಳಿ ಬುಟ್ಟಿಯನ್ನು ನನ್ನತ್ತ ತಳ್ಳಿ, “ತಕೊ, ನಿನ್ ಶಿಲುಬೆ ಕೊಚ್ಚ್” ಎನ್ನುತ್ತಿದ್ದರು. ನಾನೇನೂ ಸುಮ್ಮನಿದ್ದವಳಲ್ಲ. ಅವರು ಗೀತೆ ಎತ್ತಿಕೊಂಡ ಕೂಡಲೇ ಮಿಕ್ಸಿ ಹಾಕುತ್ತಿದ್ದೆ.

ಕಳೆದ ವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು. ಬಲಗೈ ಹೋಯಿತು, ನಾಲಿಗೆ ತೊಡರಿತು. ಒಂದು ಮಾತೂ ಪೂರ್ತಿ ಆಡಲಾಗುತ್ತಿರಲಿಲ್ಲ, ಹಾಡಿದರೆ ಮಾತ್ರ ಶಬ್ದಗಳು ಹೇಗೋ ಹೊರಗೆ ಬರುತ್ತಿದ್ದವು. ಅವರಿಗೆ ಉಳಿದದ್ದು ಅಷ್ಟೇ. ಅದು ನನಗೂ ಗೊತ್ತಿತ್ತು.

ಒಂದು ಬೆಳಿಗ್ಗೆ ನಾನು ಗಂಜಿ ಕುಡಿಸುತ್ತಿದ್ದೆ. ಅವರು ಆ ಹಾಡನ್ನೇ ಶುರುಮಾಡಿದರು. ‘ಕಾಂದ್ಯಾರ್’ ಎಂದರು.

“ಎಂತ ಮಮ್ಮಿ, ನೀರುಳ್ಳಿ ಮೇಲಾ?” ಎಂದೆ.

ತಮಾಷೆಗೆ ಅಂದೆ ಎಂದು ಬರೆಯಬಹುದಿತ್ತು. ತಮಾಷೆಗಲ್ಲ.

ಅವರು ನನ್ನ ಮುಖ ನೋಡಿದರು. ಬಾಯಿ ಮುಚ್ಚಿದರು. ಗಂಜಿಗೂ ತೆರೆಯಲಿಲ್ಲ.

ಎರಡು ದಿನ ಕಳೆದು ನನ್ನ ಗಂಡ ಕೇಳಿದರು, “ಮಮ್ಮಿ ಎಂತಕೆ ಹಾಡ್ತಿಲ್ಲೆ?”

“ಸುಸ್ತ್ ಆಯ್ತ್ ಕಾಣ್ತ್.”

ಆಮೇಲೆ ಮೂರು ವಾರ ಇದ್ದರು. ಒಂದು ಸಾಲೂ ಹಾಡದೆ ಹೋದರು.

ಮಣ್ಣು ಕೊಟ್ಟು ಬಂದ ದಿನ ತಂಡದ ಹೆಂಗಸರು ನನ್ನ ಕೈ ಹಿಡಿದು ಕರೆದರು. ಈಗ ಪ್ರತಿ ಭಾನುವಾರ ಅವರ ನಡುವೆ ನಿಂತು ಹಾಡುತ್ತೇನೆ. “ಅತ್ತೆ ನಿಮ್ಗೆ ಲಾಯ್ಕ್ ಮಾಡಿ ಕಲ್ಸಿರ್” ಎನ್ನುತ್ತಾರೆ. ಹೌದು ಎನ್ನುತ್ತೇನೆ. ಆ ಬೆಳಿಗ್ಗೆ ನಾನಾಡಿದ್ದನ್ನು ಪಾಪನಿವೇದನೆಯಲ್ಲಿ ಪಾದ್ರಿಯವರಿಗೂ ಇನ್ನೂ ಹೇಳಿಲ್ಲ.