ಚಲುವರಾಜು ಕೇಳಿದ ಕಾಗದ

ಚಲುವರಾಜು ಮಳವಳ್ಳಿ ಕಡೆಯವನು. ಮಸ್ಕತ್ತಿನ ಒಂದು ರಸ್ತೆ ಕಂಪನಿಯಲ್ಲಿ ಹದಿನೇಳು ವರ್ಷ ಸರ್ವೇಯರ್ ಆಗಿದ್ದ. ನಾನು, ಶ್ರೀನಿವಾಸಮೂರ್ತಿ, ಅದೇ ಕಂಪನಿಯ ಆಫೀಸಿನಲ್ಲಿ ನಕ್ಷೆಗಳ ಫೈಲು ನೋಡಿಕೊಳ್ಳುತ್ತಿದ್ದೆ. ಅವನ ಬಗ್ಗೆ ಬರೆಯುವ ಯೋಗ್ಯತೆ ನನಗಿದೆಯೇ ಎಂದು ಯಾರಾದರೂ ಕೇಳಿದರೆ ಇಲ್ಲ ಎಂದೇ ಹೇಳಬೇಕು. ಆದರೆ ಬೇರೆ ಯಾರೂ ಬರೆಯುವ ಹಾಗೆ ಕಾಣುವುದಿಲ್ಲ.

ಅಲ್ ಖೌದ್ ಬಡಾವಣೆಯ ಕಟ್ಟಡದಲ್ಲಿ ಅವನ ಮನೆ ಎರಡನೇ ಮಹಡಿ, ನನ್ನದು ಮೂರನೆಯದು. ನನ್ನ ಹೆಂಡತಿ ಮಗನ ಓದಿಗೆಂದು ಮೈಸೂರಿಗೆ ಹೋದ ಮೇಲೆ ಚಲುವರಾಜುವಿನ ಹೆಂಡತಿ ಕಾಂತಾಮಣಿ ಹೇಳದೆ ಕೇಳದೆ ನನಗೂ ಒಂದು ಮುದ್ದೆ ಕಟ್ಟಲು ಶುರುಮಾಡಿದರು. ನಾಲ್ಕು ವರ್ಷ ಆ ಮನೆಯ ಅನ್ನ ತಿಂದೆ. ಮಗಳು ಪ್ರೇರಣಾ ಊಟದ ಮೇಜಿನ ಇನ್ನೊಂದು ತುದಿಯಲ್ಲಿ ಪುಸ್ತಕ ಹರಡಿಕೊಂಡು ಕೂತಿರುತ್ತಿದ್ದಳು. ಏನು ಕೇಳಿದರೂ "ಫೈನ್ ಅಂಕಲ್" ಎನ್ನುವುದಷ್ಟೇ ಅವಳ ಕನ್ನಡ.

ಚಲುವರಾಜುವಿಗೆ ಮಾತು ಕಡಿಮೆ. ಬಿಸಿಲಲ್ಲಿ ದುರ್ಬೀನಿಗೆ ಕಣ್ಣಿಟ್ಟು ನಿಂತೂ ನಿಂತೂ ಅವನ ಎಡಗಣ್ಣು ಯಾವಾಗಲೂ ಕೊಂಚ ಕಿರಿದಾಗಿಯೇ ಇರುತ್ತಿತ್ತು. ಸೋಫಾ ಕೊಳ್ಳಲು ಹೋದರೂ ಅಂಗಡಿಯಲ್ಲಿ ಹೆಜ್ಜೆ ಹಾಕಿ ಅಳೆಯುವನು, ಸೇಲ್ಸ್‌ಮನ್ ಟೇಪು ಹಿಡಿದರೆ ಎರಡು ಬೆರಳಿನ ವ್ಯತ್ಯಾಸವೂ ಬರುತ್ತಿರಲಿಲ್ಲ. ಯಾರು ಏನು ಕೇಳಿದರೂ ಇಲ್ಲ ಎನ್ನಲು ಅವನಿಗೆ ಬರುತ್ತಿರಲಿಲ್ಲ. ಈ ಗುಣವನ್ನು ಎಲ್ಲರೂ ಹೊಗಳಿದರು, ಎಲ್ಲರೂ ಚೆನ್ನಾಗಿ ಬಳಸಿಕೊಂಡರು. ನಾನಂತೂ ಎಲ್ಲರಿಗಿಂತ ಮುಂದೆ.

ಎಣ್ಣೆಯ ಬೆಲೆ ಬಿದ್ದು ಎರಡು ವರ್ಷವಾಗಿತ್ತು. ಹೊಸ ರಸ್ತೆಗಳು ನಿಂತುಹೋದವು, ವಾರಕ್ಕೊಬ್ಬರು ಮನೆ ಖಾಲಿ ಮಾಡುತ್ತಿದ್ದರು. ಹೊರಡುವವರದೇ ಒಂದು ಪದ್ಧತಿ ಆಗಿಹೋಗಿತ್ತು: ಮೊದಲು ಕಾರು ಮಾರುವುದು, ಆಮೇಲೆ ಫ್ರಿಜ್ಜು, ಕೊನೆಯ ದಿನ ಗೆಳೆಯರ ಜೊತೆ ಊಟ. ಇಲ್ಲಿ ಹೆಂಡ ಕೊಳ್ಳಲು ಅವರವರ ಹೆಸರಿನ ಪರ್ಮಿಟ್ ಬೇಕು, ಒಬ್ಬರದನ್ನು ಇನ್ನೊಬ್ಬರಿಗೆ ಕೊಡುವಂತಿಲ್ಲ. ಹಾಗಾಗಿ ಹೊರಡುವವನ ಮನೆಯಲ್ಲಿ ಉಳಿದ ಬಾಟಲಿ ಆವತ್ತೇ ಮುಗಿಯಬೇಕು. ಊಟವಾದ ಮೇಲೆ ಗೆಳೆಯರಲ್ಲಿ ಒಬ್ಬರು ಏರ್‌ಪೋರ್ಟಿಗೆ ಬಿಟ್ಟು ಬರಬೇಕು. ಬಾಟಲಿ ಮುಗಿಸಿದವರೇ ಕಾರನ್ನೂ ಓಡಿಸಬೇಕಾಗುತ್ತದೆ ಎಂಬುದು ನಮ್ಮಂಥ ಓದಿದವರ ತಲೆಗೆ ಹೊಳೆಯಲೇ ಇಲ್ಲ.

ಎರಡು ಸಾವಿರದ ಹದಿನಾರರ ನವೆಂಬರಿನಲ್ಲಿ ನನ್ನ ಸರದಿ ಬಂತು. ಕಂಪನಿಯ ಮ್ಯಾನೇಜರ್ ಮುಹಮ್ಮದ್, ಒಳ್ಳೆಯ ಒಮಾನಿ ಮನುಷ್ಯ, ಕೈ ಹಿಡಿದುಕೊಂಡು, "ಕೆಲಸ ಶುರುವಾದರೆ ಮೊದಲು ನಿನ್ನನ್ನೇ ಕರೆಯುತ್ತೇನೆ" ಎಂದ. ಶುಕ್ರವಾರ ಮಧ್ಯಾಹ್ನ ನನ್ನ ಖಾಲಿ ಮನೆಯ ನೆಲದ ಮೇಲೆ ಕೂತು ಚಲುವರಾಜು ಮತ್ತು ನಾನು ಕಾಂತಾಮಣಿ ಕಳಿಸಿದ ಕೋಳಿಸಾರು ಉಂಡೆವು. ಅವನು ಕುಡಿಯುವವನಲ್ಲ, ಯುಗಾದಿಗೋ ದೀಪಾವಳಿಗೋ ಒಂದು ಗ್ಲಾಸು.

"ಸಾಕು ಮೂರ್ತಿಯವ್ರೇ, ಗಾಡಿ ಓಡಿಸ್ಬೇಕು."

"ಮತ್ತೆ ನಿನಗೆ ಸುರಿಯೋಕೆ ನಾನೇನು ಇಲ್ಲಿರ್ತೀನೇನಯ್ಯಾ? ಕುಡಿ."

ಕುಡಿದ. ಮೂರು ಗ್ಲಾಸು ನಾನೇ ಸುರಿದೆ. ಕೆಳಗಿಳಿಯುವಾಗ ಕಾಂತಾಮಣಿ ಅವನ ಮುಖ ನೋಡಿ, "ಅಣ್ಣಾ, ಟ್ಯಾಕ್ಸಿ ಕರೆಸ್ಲಾ?" ಎಂದು ನನ್ನನ್ನು ಕೇಳಿದರು. ಹದಿನೈದು ನಿಮಿಷದ ದಾರಿಗೆ ಟ್ಯಾಕ್ಸಿ ಯಾಕಮ್ಮಾ ಎಂದೆ. ನಾಲ್ಕು ಗಂಟೆಗೆ ನನ್ನನ್ನು ಏರ್‌ಪೋರ್ಟಿನಲ್ಲಿ ಇಳಿಸಿ, ಟ್ರಾಲಿಗೆ ಪೆಟ್ಟಿಗೆ ಏರಿಸಿ ಅವನು ಹೋದ.

ವಾಪಸು ಬರುವಾಗ ಮುಂದಿನ ಕಾರು ಗಕ್ಕನೆ ನಿಂತಿತು, ಇವನದು ಹೋಗಿ ತಗುಲಿತು. ಯಾರಿಗೂ ಪೆಟ್ಟಾಗಲಿಲ್ಲ, ಒಂದು ಬಂಪರ್ ನೆಗ್ಗಿತು ಅಷ್ಟೆ. ಪೊಲೀಸರು ಬಂದು ಉಸಿರು ಊದಿಸಿದರು. ಕೋರ್ಟಿನಲ್ಲಿ ಅವನು ತಪ್ಪು ಒಪ್ಪಿಕೊಂಡ. ಒಂದು ತಿಂಗಳು ಜೈಲು, ದಂಡ, ಲೈಸೆನ್ಸ್ ರದ್ದು.

ಜೈಲಿನಿಂದ ಬಂದವನನ್ನು ಕಂಪನಿ ತಕ್ಷಣ ಕಳಿಸಲಿಲ್ಲ. ಸೈಟಿಗೆ ಹೋಗಲು ಲೈಸೆನ್ಸ್ ಇಲ್ಲದ ಸರ್ವೇಯರ್‌ನನ್ನು ಬೌಷರ್‌ನಲ್ಲಿದ್ದ ನಮ್ಮ ಆಫೀಸಿನ ಒಂದು ಮೂಲೆಯಲ್ಲಿ ಹಳೆಯ ನಕ್ಷೆ ಜೋಡಿಸಲು ಕೂರಿಸಿದರು. ಬೆಳಿಗ್ಗೆ ಅವನು ದೊಡ್ಡ ರಸ್ತೆಯವರೆಗೆ ನಡೆದು ಶೇರ್ ಟ್ಯಾಕ್ಸಿಗೆ ಕಾಯುತ್ತಿದ್ದನಂತೆ. ನಮ್ಮ ಕಟ್ಟಡದವರ ಕಾರುಗಳು ಎದುರಿಗೇ ಹೋಗುತ್ತಿದ್ದವು. ಆ ಕಾರುಗಳ ಒಡೆಯರ ಹೆಂಡಿರನ್ನು ಹೆರಿಗೆಗೆ, ಮಕ್ಕಳನ್ನು ಶಾಲೆಗೆ ಕರೆದೊಯ್ದವನು ಅವನು. ಈಗ ಅವರಿಗೆ ಅವನನ್ನು ಕಂಡರೆ ಫೋನು ಬರುತ್ತಿತ್ತು, ಇಲ್ಲವೇ ಆಚೆ ಬದಿಯಲ್ಲಿ ಏನೋ ಕಾಣುತ್ತಿತ್ತು. ನನಗೆ ಈ ಜನರ ಮೇಲೆ ಸಿಟ್ಟು ಬರುತ್ತದೆ. ಸಿಟ್ಟು ಮಾಡುವ ಹಕ್ಕು ಇಲ್ಲದಿದ್ದರೂ ಬರುತ್ತದೆ.

ಮನೆಯಲ್ಲೂ ಅವನೊಬ್ಬನೇ. ಕಾಂತಾಮಣಿ ಬಡಿಸಿ ಒಳಗೆ ಹೋಗುತ್ತಿದ್ದರಂತೆ. ಪ್ರೇರಣಾ ತಟ್ಟೆಯನ್ನು ರೂಮಿಗೆ ಒಯ್ಯುತ್ತಿದ್ದಳಂತೆ. "ಟೇಬಲ್ ದೊಡ್ದಾಗ್ಬುಟ್ಟದೆ ಮೂರ್ತಿಯವ್ರೇ" ಎಂದು ಫೋನಿನಲ್ಲಿ ಒಮ್ಮೆ ಹೇಳಿದ.

ಜನವರಿ ಮೊದಲ ವಾರ ಅವನೇ ಫೋನು ಮಾಡಿದ. ಮುಹಮ್ಮದ್ ಅವನನ್ನು ಕರೆಸಿದ್ದನಂತೆ. ಇದು ಒಂದು ದಿನದ ತಪ್ಪು, ಗೆಳೆಯನನ್ನು ಕಳಿಸಿಕೊಡುವಾಗ ಆದದ್ದು ಎಂದು ಗೊತ್ತಾದರೆ ಏಪ್ರಿಲ್‌ವರೆಗೆ ವೀಸಾ ಉಳಿಸಬಹುದು. ಅದಕ್ಕೆ ಆ ಗೆಳೆಯನೇ ಬರೆದುಕೊಡಲಿ ಎಂದಿದ್ದ.

"ಕೆಲ್ಸ ಹೋದ್ರೆ ಹೋಗ್ಲಿ. ಮಗಳದು ಹನ್ನೆರಡ್ನೇ ಕ್ಲಾಸು, ಮಾರ್ಚಿಗೆ ಪರೀಕ್ಷೆ. ವೀಸಾ ಹೋದ್ರೆ ಅವಳೂ ಹೊರಡ್ಬೇಕಾಯ್ತದೆ. ನೀವು ಇದ್ದದ್ದು ಇದ್ದಂಗೆ ಬರೀರಿ, ಅಷ್ಟೇ ಸಾಕು."

"ಅದಕ್ಕೇನಂತೆ, ಇವತ್ತೇ ಬರೀತೀನಿ" ಎಂದೆ.

ಮೈಸೂರಿನ ನನ್ನ ಮನೆಯಲ್ಲಿ ಕಂಪ್ಯೂಟರ್ ಮುಂದೆ ಮೂರು ದಿನ ಕೂತೆ. ಇದ್ದದ್ದು ಇದ್ದಂತೆ ಬರೆದರೆ ನನ್ನ ಪರ್ಮಿಟಿನ ಹೆಂಡವನ್ನು ಪರ್ಮಿಟ್ ಇಲ್ಲದವನಿಗೆ ಕುಡಿಸಿ, ಕಾರು ಓಡಿಸಲು ಹೇಳಿದ್ದೂ ನಾನೇ ಎಂದು ಬರೆಯಬೇಕು. ಆ ಕಾಗದ ಮುಹಮ್ಮದ್‌ನ ಮೇಜಿನ ಮೇಲೆ ಕೂರುತ್ತದೆ. ಆಮೇಲೆ ನನ್ನನ್ನು ಯಾರು ಕರೆಯುತ್ತಾರೆ? ಐವತ್ತೊಂದರ ವಯಸ್ಸಿಗೆ ನಕ್ಷೆ ಫೈಲು ನೋಡುವವನಿಗೆ ಬೇರೆಲ್ಲಿ ಕೆಲಸ? ನನ್ನ ಮಗನೂ ಓದುತ್ತಿದ್ದಾನೆ ಎಂದು ಸಮಾಧಾನ ಮಾಡಿಕೊಂಡೆ. ಕೊನೆಗೆ ಚಲುವರಾಜು ಸಜ್ಜನ, ಶ್ರಮಜೀವಿ ಎಂದು ಅರ್ಧ ಪುಟ ಹೊಗಳಿ, ಕೆಳಗೆ ಹೀಗೆ ಸೇರಿಸಿದೆ: "ಅಂದು ಅವರು ನನ್ನನ್ನು ವಿಮಾನ ನಿಲ್ದಾಣಕ್ಕೆ ಬಿಟ್ಟರು. ಅವರು ಮದ್ಯಪಾನ ಮಾಡಿದ್ದು ನನ್ನ ಗಮನಕ್ಕೆ ಬಂದಿರಲಿಲ್ಲ."

ಕಳಿಸಿದೆ. ಚಲುವರಾಜುವಿಗೆ "ಬರೆದೆ ಕಣಪ್ಪಾ" ಎಂದು ಮೆಸೇಜು ಹಾಕಿದೆ. ಅವನು ಕೈ ಮುಗಿದ ಚಿತ್ರ ಕಳಿಸಿದ.

ಹತ್ತು ದಿನದೊಳಗೆ ವೀಸಾ ರದ್ದಾಯಿತು. ಪರೀಕ್ಷೆಗೆ ಐದು ವಾರವಿರುವಾಗ ಮೂವರೂ ಮಳವಳ್ಳಿಗೆ ಬಂದಿಳಿದರು. ಪರೀಕ್ಷೆಯ ಮಟ್ಟಿಗಾದರೂ ಮಗಳನ್ನು ವಿಸಿಟ್ ವೀಸಾದಲ್ಲಿ ಕಳಿಸಲು ಚಲುವರಾಜು ಕಂಡಕಂಡವರ ಕಾಲು ಹಿಡಿದ, ಆಗಲಿಲ್ಲ. ಪ್ರೇರಣಾಳ ಒಂದು ವರ್ಷ ಹೋಯಿತು. ನಾನು ಮೈಸೂರಿನಲ್ಲೇ ಇದ್ದೆ, ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಒಮ್ಮೆಯೂ ಹೋಗಲಿಲ್ಲ.

ಎರಡು ಸಾವಿರದ ಹದಿನೆಂಟರಲ್ಲಿ ಮುಹಮ್ಮದ್ ಮಾತು ಉಳಿಸಿಕೊಂಡ. ಮತ್ತೆ ಮಸ್ಕತ್ತು, ಮತ್ತೆ ಅದೇ ಆಫೀಸು. ಮೊದಲ ದಿನ ಅವನು ಅರಬ್ಬರ ಕಾಫಿ ಕಾವಾ ತರಿಸಿ, ಖರ್ಜೂರದ ತಟ್ಟೆ ನನ್ನತ್ತ ತಳ್ಳಿದ.

"ನಿನ್ನ ಗೆಳೆಯನ ವಿಷಯಕ್ಕೆ ನನಗೆ ಇನ್ನೂ ಬೇಜಾರು" ಎಂದ. "ಕುಡಿದದ್ದನ್ನು ಕ್ಷಮಿಸುತ್ತಿದ್ದೆ. ಆದರೆ ನಿನ್ನ ಮನೆಯಲ್ಲಿ ಕುಡಿದೆ ಎಂದು ನನ್ನೆದುರು ಸುಳ್ಳು ಹೇಳಿದ. ನಿನ್ನ ಕಾಗದ ನೋಡಿದ ಮೇಲೆ ಗೊತ್ತಾಯಿತು. ಖಲಾಸ್, ಹೋಗಲಿ ಬಿಡು."

ಖರ್ಜೂರ ಬಾಯಲ್ಲಿತ್ತು. ಹೇಳಬಹುದಿತ್ತು. ನಾನು ಬೀಜ ತೆಗೆದು ತಟ್ಟೆಯ ಅಂಚಿಗಿಟ್ಟೆ.

ಆ ಸಂಜೆ ರೂಮಿಗೆ ಬಂದವನಿಗೆ ಮಾತಾಡಲು ಯಾರೂ ಇರಲಿಲ್ಲ. ಹಳೆಯ ಪರಿಚಯದವರೆಲ್ಲ ಮನೆ ಖಾಲಿ ಮಾಡಿ ಹೋಗಿದ್ದರು. ತಡೆಯಲಾರದೆ ಚಲುವರಾಜುವಿಗೆ ಫೋನು ಮಾಡಿದೆ. ಅವನೀಗ ಮದ್ದೂರಿನ ಹತ್ತಿರ ಲೇಔಟುಗಳ ಸೈಟು ಅಳೆಯುತ್ತಾನೆ, ಬಸ್ಸಿನಲ್ಲೇ ಓಡಾಡುತ್ತಾನೆ. ಮಗಳು ಕಾಲೇಜಿಗೆ ಸೇರಿದ್ದಾಳೆ, ಅಪ್ಪನ ಜೊತೆ ಬೇಕಾದ್ದಷ್ಟೇ ಮಾತು. ಇದನ್ನೆಲ್ಲ ಹೇಳಿದವನು, ನನಗೆ ಕೆಲಸ ಸಿಕ್ಕಿತೆಂದು ಕೇಳಿ ನಿಜವಾಗಿಯೂ ಖುಷಿಪಟ್ಟ.

ನಾನು, "ಚಲುವರಾಜು, ಆ ಕಾಗದ..." ಎಂದು ಶುರುಮಾಡಿದೆ.

"ಅಯ್ಯೋ, ಅದ್ನ ಇನ್ನೂ ಮನಸಲ್ಲಿ ಇಟ್ಕೊಂಡಿದ್ದೀರಾ? ನೀವು ನಿಮ್ ಮೈಮೇಲೆ ಹಾಕ್ಕೊಂಡು ಎಲ್ಲಾನೂ ಬರೆದ್ರಿ. ಅವ್ರು ಒಪ್ನಿಲ್ಲ, ಅದಕ್ಕೆ ನೀವೇನ್ ಮಾಡಕ್ಕಾಯ್ತದೆ? ಇವಳಿಗೂ ಮಗಳಿಗೂ ಅದನ್ನೇ ಹೇಳ್ತಿರ್ತೀನಿ, ನನಗೋಸ್ಕರ ಒಬ್ರಾದ್ರೂ ನಿಂತ್ರು ಅಂತ. ಅಲ್ವಾ ಮೂರ್ತಿಯವ್ರೇ?"

ನಾನು ಹೂಂ ಎಂದೆ.