ಸೊಣ್ಣಪ್ಪನ ಗೊಬ್ಬರದಲ್ಲಿ ಗಾಜು

ಸಿಂಗಸಂದ್ರದ ಆ ಅಪಾರ್ಟ್‌ಮೆಂಟಿನಲ್ಲಿ ಮಹಾಂತಮ್ಮ ಲಿಫ್ಟ್ ಹತ್ತಿದಳೆಂದರೆ ಒಳಗಿದ್ದವರು ಮೊಬೈಲು ತೆಗೆದು ಏನೋ ಓದುವವರಂತೆ ತಲೆ ತಗ್ಗಿಸುತ್ತಿದ್ದರು. ಸಿಟ್ಟು ಆಕೆಯ ಮೂಗಿನ ತುದಿಯಲ್ಲೇ ಇರುತ್ತಿತ್ತು. ಅಲ್ಲಿಂದ ಅದು ಒಂದು ದಿನವಾದರೂ ಇಳಿದದ್ದನ್ನು ಗಂಡ ಗದಿಗೆಪ್ಪನೂ ಕಂಡಿರಲಿಲ್ಲ. ರಾಣೆಬೆನ್ನೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾಗಿ ಬಂದವಳು. ಗದರಲು ಈಗ ಒಂದು ತರಗತಿಯ ಬದಲು ಇಡೀ ಅಪಾರ್ಟ್‌ಮೆಂಟೇ ಸಿಕ್ಕಿದೆ ಎಂದು ಆಗದವರು ಆಡಿಕೊಳ್ಳುತ್ತಿದ್ದರು.

ಆ ಸಿಟ್ಟಿಗೆ ಕಾರಣವಿಲ್ಲದೆ ಇರಲಿಲ್ಲ. ಆಕೆಯ ತವರಿನಲ್ಲಿ ಉಂಡ ತಟ್ಟೆ ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಅನ್ನವೆಂದರೆ ಪ್ರಸಾದ, ಅದರ ಒಂದು ಅಗುಳೂ ಮೋರಿ ಸೇರಬಾರದು. ಅಂಥ ಮನೆಯ ಹೆಣ್ಣುಮಗಳು ಇಲ್ಲಿಗೆ ಬಂದವಳೇ ಕೆಳಗಿನ ಪಾರ್ಕಿಂಗಿನಲ್ಲಿ ಕಂಡದ್ದೇನು? ಡ್ರಮ್ಮುಗಟ್ಟಲೆ ಅನ್ನ, ಚಪಾತಿ, ಮುಚ್ಚಳವನ್ನೂ ತೆಗೆಯದ ಬಿರಿಯಾನಿ ಡಬ್ಬಿ, ಅದರ ಮೇಲೆ ಮಕ್ಕಳ ಡೈಪರು. ಅವತ್ತು ಆಕೆಗೆ ಊಟ ಸೇರಲಿಲ್ಲ.

ಸೊಣ್ಣಪ್ಪ ಸಿಕ್ಕಿದ್ದು ಗೇಟಿನ ಹತ್ತಿರ. ಸರ್ಜಾಪುರದ ಕಡೆಯವನು, ಸ್ಕೂಟರಿನ ಮೇಲೆ ಸೊಪ್ಪು ತಂದು ಮಾರುತ್ತಿದ್ದ. ದನ ಮಾರಿದ ಮೇಲೆ ಹೊಲಕ್ಕೆ ಗೊಬ್ಬರವೇ ಇಲ್ಲ ಎಂದು ಅವನು ಗೊಣಗಿದ್ದೇ ತಡ, ಮಹಾಂತಮ್ಮ ಅವನ ಊರಿಗೇ ಹೋಗಿ ಹೊಲ ನೋಡಿ ಬಂದಳು. ಅಪಾರ್ಟ್‌ಮೆಂಟಿನ ಹಸಿ ಕಸವೆಲ್ಲ ಹಸಿರು ಡ್ರಮ್ಮುಗಳಲ್ಲಿ ಟೆಂಪೊ ಏರಿ ಅವನ ಹೊಲಕ್ಕೆ ಹೋಗಬೇಕು, ಅಲ್ಲಿ ಕೊಳೆತು ಗೊಬ್ಬರವಾಗಬೇಕು, ಆ ಗೊಬ್ಬರದಲ್ಲಿ ಬೆಳೆದ ಸೊಪ್ಪು ತರಕಾರಿ ಶನಿವಾರ ಗೇಟಿಗೆ ಬರಬೇಕು. ಏರ್ಪಾಟು ಇಷ್ಟೇ. ಓದಿದ ಜನರನ್ನು ಇಷ್ಟಕ್ಕೆ ಒಪ್ಪಿಸುವಷ್ಟರಲ್ಲಿ ಆಕೆಗೆ ಸಾಕು ಸಾಕಾಯಿತು. ಹಸಿ ಕಸದಲ್ಲಿ ಪ್ಲಾಸ್ಟಿಕ್ಕು ಕಂಡರೆ ಆ ಚೀಲ ಹಿಡಿದು ಮನೆ ಮನೆಯ ಬೆಲ್ ಒತ್ತುತ್ತಿದ್ದಳು. "ಇದು ನಿಮ್ಮದೇನ್ರಿ?" ಹಿಂದಿನಿಂದ ಜನ ಅವಳನ್ನು 'ಕಸದ ಟೀಚರ್' ಎಂದರು. ಹಾಗೆಂದವರೇ ಶನಿವಾರ ಸೊಣ್ಣಪ್ಪನ ದಂಟಿನ ಸೊಪ್ಪಿಗೆ ಎಲ್ಲರಿಗಿಂತ ಮೊದಲು ಬಂದು ನಿಲ್ಲುತ್ತಿದ್ದರು, ನಾಚಿಕೆಯಿಲ್ಲದವರು.

ಹೋಗುತ್ತಾ ಹೋಗುತ್ತಾ ಏರ್ಪಾಟಿಗೆ ಹೆಸರು ಬಂತು. ನಗರದ ಊಟಕ್ಕೆ ಬೇಕಾದದ್ದು ಸುತ್ತಲಿನ ಹಳ್ಳಿಗಳಿಂದಲೇ ಬರುವಂತೆ ಯೋಜನೆ ಹಾಕುತ್ತಿದ್ದ ತಜ್ಞರ ತಂಡವೊಂದು, ಇದನ್ನು ಮಾದರಿ ಎಂದು ತೋರಿಸುತ್ತೇವೆ, ನೋಡಲು ಬರುತ್ತೇವೆ ಎಂದಿತು. ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಸಿದ್ದಾರ್ಥ್‌ನ ಕಾಲು ನೆಲದ ಮೇಲೆ ನಿಲ್ಲದಾಯಿತು. ಅದೇ ವಾರ ಸೊಣ್ಣಪ್ಪ ಡ್ರಮ್ಮು ಒಯ್ಯಲು ಬರಲಿಲ್ಲ. ಮಹಾಂತಮ್ಮ ಫೋನು ಮಾಡಿದಳು. ಗೊಬ್ಬರ ತಿರುವುವಾಗ ಅವನ ಹೆಂಡತಿ ಮುನಿರತ್ನಮ್ಮನ ಬಲಗೈಗೆ ಗಾಜು ಹೊಕ್ಕು ನರ ಕತ್ತರಿಸಿತ್ತು. ಆಪರೇಷನ್ ಆಗಿದ್ದರೂ ಎರಡು ಬೆರಳು ಮಡಚುತ್ತಿರಲಿಲ್ಲ.

"ಇನ್ ಡ್ರಮ್ಮು ಬ್ಯಾಡ್ರಮ್ಮ," ಎಂದ ಸೊಣ್ಣಪ್ಪ. "ಮನೇಲಿ ಒಪ್ಪಕಿಲ್ಲ."

ಮಹಾಂತಮ್ಮನ ಮೈಯೆಲ್ಲ ಉರಿದುಹೋಯಿತು. ಅವತ್ತೇ ಸಂಜೆ ಕ್ಲಬ್‌ಹೌಸಿನಲ್ಲಿ ಸಭೆ ಕರೆಸಿದಳು.

"ಕುಡದ ಬಾಟ್ಲಿ ಹಸಿ ಕಸಕ್ಕ ಹಾಕಾವ್ರು ಯಾರ್ರೀ?" ಎಂದು ಶುರುಮಾಡಿದಳು. "ನಿಮಗ ತಿನ್ನಾಕ ಸೊಪ್ಪು ಬೇಕು. ಅದನ್ನ ಬೆಳಿಯಾಕಿ ಕೈ ಮಾತ್ರ ಬ್ಯಾಡ. ಅನ್ನ ತಿಂತೀರೋ ಮತ್ತೇನ ತಿಂತೀರೋ?"

ಐದನೇ ಮಹಡಿಯ ಬ್ಯಾಚುಲರ್ ಹುಡುಗರ ಮೇಲೆ ಆಕೆಗೆ ಅನುಮಾನ. ಅವರ ಬಾಗಿಲಲ್ಲಿ ಯಾವಾಗಲೂ ಬಿಯರ್ ಬಾಟಲಿ ಕಾಣುತ್ತಿದ್ದವು. ಎಲ್ಲರ ಎದುರೇ ಅವರತ್ತ ಬೆರಳು ಮಾಡಿದಳು. ನಾವಲ್ಲ ಆಂಟಿ ಎಂದು ಹುಡುಗರು ಎಷ್ಟು ಅಂಗಲಾಚಿದರೂ ಕೇಳಲಿಲ್ಲ.

"ಸ್ವಲ್ಪ ಕೂಲ್ ಆಗಿ ಆಂಟಿ," ಎಂದ ಸಿದ್ದಾರ್ಥ್. "ಟೀಮ್ ಬಂದ್ ಹೋಗ್ಲಿ, ಆಮೇಲೆ ನೋಡ್ಕೊಳ್ಳೋಣ. ಅಲ್ಲೀವರ್ಗೂ ಈ ಗ್ಲಾಸ್ ವಿಷ್ಯ ಎತ್ಬೇಡಿ."

ಅವನಿಗೂ ಸರಿಯಾಗಿ ಬೈಗುಳ ಬಿತ್ತು.

ಸಿದ್ದಾರ್ಥ್ ಅದು ಹೇಗೋ ಸೊಣ್ಣಪ್ಪನನ್ನು ಕಾಡಿ ಬೇಡಿ ತಂಡವನ್ನು ಹೊಲಕ್ಕೆ ಕರೆದೊಯ್ದ. ಮಹಾಂತಮ್ಮ ಹೋದದ್ದು ತಂಡಕ್ಕಾಗಿ ಅಲ್ಲ, ಗಾಜಿಗಾಗಿ. ಗಾಜು ನೋಡಿದರೆ ಯಾವ ಬಾಟಲಿಯದೆಂದು ಗೊತ್ತಾಗುತ್ತದೆ. ತಪ್ಪಿತಸ್ಥರನ್ನು ಹಿಡಿದು ಮುನಿರತ್ನಮ್ಮನ ಮುಂದೆ ನಿಲ್ಲಿಸಿ ತಪ್ಪೊಪ್ಪಿಸಿದರೆ ಏರ್ಪಾಟು ಇನ್ನೂ ಉಳಿದೀತು ಎಂಬ ಆಸೆ. ಮುನಿರತ್ನಮ್ಮ ಜಗಲಿಯ ಮೇಲೆ ಕೂತು ಎಡಗೈಯೊಂದರಲ್ಲೇ ಅವರೆಕಾಯಿ ಸುಲಿಯಲು ಹೆಣಗುತ್ತಿದ್ದಳು. ಬಂದವರತ್ತ ತಲೆಯೆತ್ತಲಿಲ್ಲ. ಸಿದ್ದಾರ್ಥ್ ನಗರದ ಕಸ ಹೇಗೆ ಚಿನ್ನವಾಗುತ್ತದೆಂದು ಇಂಗ್ಲಿಷಿನಲ್ಲಿ ವಿವರಿಸುತ್ತಿದ್ದ. ತಂಡದವರು ಗೊಬ್ಬರದ ರಾಶಿಯ ಫೋಟೊ ತೆಗೆಯುತ್ತಿದ್ದರು.

"ಆ ಗಾಜು ಎಲ್ಲೈತಪ್ಪಾ, ತೋರ್ಸು," ಎಂದಳು ಮಹಾಂತಮ್ಮ.

ಸೊಣ್ಣಪ್ಪ ಹಿಂದೆಮುಂದೆ ನೋಡಿದ. "ಬಾಟ್ಲಿ ಅಲ್ಲ ಕಣಮ್ಮ. ದ್ಯಾವ್ರ ಪಟ. ಎಸಿಯಕೆ ಮನಸ್ ಬರ್ಲಿಲ್ಲ." ಮೋಟಾರು ಮನೆಗೆ ಹೋಗಿ, ಗೂಡಿನಲ್ಲಿ ಇಟ್ಟಿದ್ದುದನ್ನು ಎರಡು ಕೈಯಲ್ಲೂ ಹಿಡಿದು ತಂದ. ಒಂದು ಬದಿ ಮುರಿದ ಚೌಕಟ್ಟು, ಮೂಲೆಯಲ್ಲಿ ಉಳಿದ ಗಾಜಿನ ಚೂರು, ಅದರ ಹಿಂದೆ ಕಾವಿ ಉಟ್ಟ ಮಠದ ಅಜ್ಜಾರು.

ಅದು ಮಹಾಂತಮ್ಮನ ತವರಿನ ಪಟ. ದೀಪಾವಳಿಗೆ ಗೋಡೆ ಒರೆಸುವಾಗ ಅವಳ ಕೈಯಿಂದಲೇ ಬಿದ್ದು ಒಡೆದಿತ್ತು. ಗುಡಿಯ ಅರಳಿಮರದ ಕೆಳಗೆ ಇಡೋಣವೆಂದರೆ ಅಲ್ಲಿ ಹಳೆಯ ಪಟ ಇಡಬಾರದೆಂಬ ಬೋರ್ಡು. ಒಡೆದ ಗಾಜು ಕೆಂಪು ಡಬ್ಬಕ್ಕೆ ಎಂದು ಊರಿಗೆಲ್ಲ ಪಾಠ ಹೇಳಿದವಳು ಅವಳೇ. ಆದರೆ ಕೆಂಪು ಡಬ್ಬದಲ್ಲಿ ಡೈಪರು ಇರುತ್ತವೆ. ಅಜ್ಜಾರನ್ನು ಅಲ್ಲಿ ಹಾಕುವುದುಂಟೆ? ಹಸಿರು ಡ್ರಮ್ಮಾದರೆ ಮಣ್ಣಿಗೆ ಹೋಗುತ್ತದೆ. ಪೂಜೆಯ ಹೂವು, ಬಿಲ್ವಪತ್ರೆಯ ಜೊತೆ ಹಳೆಯ ಪಂಚೆಯಲ್ಲಿ ಸುತ್ತಿ, ಕೈಮುಗಿದು ಅದರಲ್ಲಿ ಇಟ್ಟಿದ್ದಳು. ಅದು ಗಾಜು ಎಂಬುದು ಆಗಲೂ ಹೊಳೆಯಲಿಲ್ಲ, ಸಭೆಯಲ್ಲಿ ಕೂಗಾಡುವಾಗಲೂ ಹೊಳೆಯಲಿಲ್ಲ. ಅವಳ ಪಾಲಿಗೆ ಅದು ಕಸವೇ ಆಗಿರಲಿಲ್ಲ.

ಬಾಯಿ ಬಿಡದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಐದನೇ ಮಹಡಿಯ ಹುಡುಗರ ಮುಖ ನೆನಪಾಗಿ ಆಕೆಗೆ ತನ್ನ ಮೇಲೇ ಅಸಾಧ್ಯ ಸಿಟ್ಟು ಬಂತು.

"ಇದು ನಮ್ಮ ಮನೀದು," ಎಂದಳು. "ನಾನ ಹಾಕಿದ್ದು. ಅಜ್ಜಾರನ್ನ ಡೈಪರ್ ಡಬ್ಬಕ್ಕ ಹಾಕಾಕ ಮನಸ್ಸಾಗಲಿಲ್ಲ."

ಸಿದ್ದಾರ್ಥ್ ತಂಡದ ಕಡೆ ತಿರುಗಿ ನಕ್ಕ. "ಭಕ್ತಿಯಿಂದ ಆಗಿದ್ದು ಸಾರ್, ಬೇಕಂತ ಮಾಡಿದ್ದಲ್ಲ."

ಆಗ ಮುನಿರತ್ನಮ್ಮ ಎದ್ದು ಬಂದಳು. "ನಿಮ್ ದ್ಯಾವ್ರು ಮೈಲಿಗೆ ಆಗಬಾರ್ದು. ನನ್ ಕೈ ಕುಯ್ದೋದ್ರೆ ಪರವಾಗಿಲ್ಲ, ಅಲ್ವಾ?"

"ಸುಮ್ಕಿರೇ," ಎಂದ ಸೊಣ್ಣಪ್ಪ. "ದೊಡ್ಡೋರು ಅವ್ರು."

"ಆಕಿನ್ನ ಸುಮ್ನಿರಸಬ್ಯಾಡಪ್ಪಾ. ಬೈಲಿ," ಎಂದಳು ಮಹಾಂತಮ್ಮ. "ಬೈಸಿಕೊಳ್ಳಾಕ ನಿಂತೀನಿ."

ಮುನಿರತ್ನಮ್ಮ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಬಯ್ಸ್ಕಂಡು ಅಗುರಾಗಿ ಓಯ್ತೀರಾ ನೀವು. ನಂಗೆ ಬೆರಳು ಮಡ್ಚಕಾಯ್ತದಾ? ನಿಮ್ ಡ್ರಮ್ಮು ಈ ಒಲದ ತಾವಕ್ಕೆ ಬರಬಾರ್ದು, ಅಷ್ಟೇಯ."

ತಂಡದವರು ಕಾರಿನ ಕಡೆ ನಡೆದರು, ಅವರ ಹಿಂದೆಯೇ ಸಿದ್ದಾರ್ಥ್. ಮುನಿರತ್ನಮ್ಮ ಜಗಲಿಗೆ ಮರಳಿ ಅವರೆಕಾಯಿ ಕೈಗೆತ್ತಿಕೊಂಡಳು. ಎಡಗೈಯಿಂದ ಅದು ಜಾರಿ ಕೆಳಗೆ ಬಿತ್ತು. ಮಹಾಂತಮ್ಮ ಬಗ್ಗಿ ಎತ್ತಿಕೊಡಲು ಹೋದಳು.

"ಬುಡಿ," ಎಂದಳು ಮುನಿರತ್ನಮ್ಮ. "ಮುಟ್ಟಬ್ಯಾಡಿ."